ಆಪ್ತಸಲಹೆ ಪ್ರಕರಣ: ‘ಆಗುತ್ತೆ’ ಅಂದ ಮಾತುಗಳ ಬಾಕಿ

ಮೊದಲ ದಿನ ನನ್ನ ಎದುರು ಕುಳಿತ ಐವತ್ತು ನಿಮಿಷದಲ್ಲಿ ಅವರು ಆರು ಸಲ ಫೋನ್ ತೆಗೆದರು. ನಾನು ತಡೆಯಲಿಲ್ಲ. ಸಾಮಾನ್ಯವಾಗಿ ಒಳಗೆ ಬಂದ ಕೂಡಲೇ ಫೋನ್ ಆಫ್ ಮಾಡಿ ಅನ್ನುತ್ತೇನೆ, ಆದರೆ ಆ ದಿನ ಮೊದಲ ಕರೆಗೆ ಅವರು ಉತ್ತರ ಕೊಟ್ಟ ದನಿ ಕೇಳಿದಾಗಲೇ ಇದನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಅನ್ನಿಸಿತು. ಆರು ಕರೆಯಲ್ಲೂ ಒಂದೇ ಮಾತು. “ಆಗುತ್ತೆ ಸರ್, ಆಗುತ್ತೆ. ಈ ವಾರ ನೋಡೋಣ.” ಫೋನ್ ಇಟ್ಟ ಮೇಲೆ ಪ್ರತಿ ಸಲವೂ ಎಡಗೈಯಲ್ಲಿ ಕುತ್ತಿಗೆ ಹಿಂಭಾಗ ಒತ್ತಿಕೊಳ್ಳುತ್ತಿದ್ದರು.

ಈ ಬರಹವನ್ನು ಅವರು ಓದಿ ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಊರು ಹೇಳುವುದಿಲ್ಲ, ಕೊಡಗಿನ ಪೇಟೆಗಳಲ್ಲಿ ಒಂದು ಅಂದುಕೊಳ್ಳಿ. ಆಫೀಸಿನ ಹುಡುಗರೆಲ್ಲ ಅವರನ್ನು ಅಣ್ಣ ಅನ್ನುತ್ತಾರೆ, ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ನಲವತ್ತು ದಾಟಿದವರು. ಅಂಗಡಿ ಮಳಿಗೆ, ಹೋಟೆಲ್ ಜಾಗ, ಗೋದಾಮು, ಆಫೀಸ್ ಕಟ್ಟಡ, ಹೆದ್ದಾರಿ ಪಕ್ಕದ ಕಮರ್ಷಿಯಲ್ ಸೈಟು, ಇಂಥವನ್ನು ಬಾಡಿಗೆಗೆ ಕೊಡಿಸುವ ಮತ್ತು ಮಾರಿಸುವ ಬ್ರೋಕರ್ ಆಫೀಸು ಅವರದು. ಕೈಕೆಳಗೆ ಆರು ಜನ. ಹತ್ತಿರದ ಇನ್ನೊಂದು ಪೇಟೆಯಲ್ಲಿ ಒಂದು ಸಣ್ಣ ಬ್ರಾಂಚು.

ಅವರು ಬಂದದ್ದು ಕಕ್ಕಡ ತಿಂಗಳಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಪೂಜೆ ಇಲ್ಲ. ಬ್ರೋಕರ್ ಆಫೀಸಿಗೆ ಅದು ಹೇಗೂ ಸತ್ತ ಕಾಲ. ಕಕ್ಕಡ ಹದಿನೆಂಟರ ದಿನ ಹೆಂಡತಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರಂತೆ. ಆ ನೇರಳೆ ಬಣ್ಣದ ಪಾಯಸ ಎಂದರೆ ಚಿಕ್ಕಂದಿನಿಂದ ಇಷ್ಟ, ಎರಡು ಚಮಚದ ಮೇಲೆ ಗಂಟಲಲ್ಲಿ ಇಳಿಯಲಿಲ್ಲ ಎಂದರು. “ನನಗೆ ಏನೋ ಆಗಿದೆ ಅಂತ ಅವತ್ತು ಗೊತ್ತಾಯ್ತು ಮೇಡಂ.”

ನಿದ್ದೆ ಮೂರು ಗಂಟೆಗೆ ಒಡೆಯುತ್ತಿತ್ತು. ಸಂಜೆ ಎರಡು ಪೆಗ್ ಇದ್ದದ್ದು ನಾಲ್ಕಾಗಿತ್ತು. ಮನೆಯಲ್ಲಿ ಸಣ್ಣ ವಿಷಯಕ್ಕೂ ರೇಗುತ್ತಿದ್ದರು, ಆಫೀಸಿನಲ್ಲಿ ಮಾತ್ರ ನಗುನಗುತ್ತ ಇರುತ್ತಿದ್ದರು. ನಾನು ನೇರವಾಗಿ ಕೇಳಿದೆ, ಬದುಕಿರುವುದೇ ಬೇಡ ಅನ್ನಿಸಿದ್ದಿದೆಯಾ ಅಂತ. ಇದನ್ನು ಪ್ರತಿಯೊಬ್ಬರಿಗೂ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ, ಹಾಗಾಗುವುದಿಲ್ಲ, ಕೇಳಿದರೆ ಉಸಿರು ಬಿಡುತ್ತಾರೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯಬೇಕು ಅಂತ ಇಲ್ಲ. ಎಲ್ಲಾದರೂ ಹೋಗಿಬಿಡೋಣ, ಯಾರಿಗೂ ಸಿಗಬಾರದು ಅನ್ನಿಸುತ್ತೆ” ಎಂದರು. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅಲ್ಲೇ ಫೋನಿನಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದೇ ವಾರ ಡಾಕ್ಟರ ಹತ್ತಿರ ಕಳಿಸಿದೆ. ಬಿ.ಪಿ. ಜಾಸ್ತಿ ಇತ್ತು, ಮಾತ್ರೆ ಶುರುವಾಯಿತು. ಕುತ್ತಿಗೆ ನೋವನ್ನು ಬರೀ ಟೆನ್ಷನ್ ಅಂತ ನಾನೇ ತೀರ್ಮಾನ ಮಾಡಿ ಕುಳಿತಿದ್ದರೆ ತಪ್ಪಾಗುತ್ತಿತ್ತು.

ಈಗ ಅವರ ವ್ಯಾಪಾರದ ವಿಷಯ. ಇದರಲ್ಲಿ ನನಗೆ ಗೊತ್ತಿದ್ದದ್ದು ಕಡಿಮೆ, ಜಾಸ್ತಿ ಹೇಳಿಕೊಟ್ಟವರು ಅವರೇ.

ಅಣ್ಣ ಕಷ್ಟ ಕಾಣದವರಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ತಿಂಗಳುಗಟ್ಟಲೆ ಒಂದು ಶಟರ್ ಬಾಡಿಗೆಗೆ ಹೋಗಲಿಲ್ಲ. 2019ರ ಮಳೆಗಾಲವೂ ಹಾಗೇ ಹೋಯಿತು. 2020ರಲ್ಲಿ ಲಾಕ್‌ಡೌನ್. ಅದೆಲ್ಲ ದಾಟಿ ಬಂದವರು ಈಗ ಯಾಕೆ ಕುಸಿದರು? ಈ ಪ್ರಶ್ನೆ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ಹಾಗೇ ಬರೆದಿಟ್ಟುಕೊಂಡೆ. “ಆಗ ಊರಿಗೆ ಊರೇ ಕೂತಿತ್ತು ಮೇಡಂ, ನಾಚಿಕೆ ಇರಲಿಲ್ಲ. ಈಗ ಎದುರು ಬೇಕರಿಯಲ್ಲಿ ಜನ ಇದ್ದಾರೆ, ಹೋಂಸ್ಟೇಗಳಿಗೆ ಶನಿವಾರ ಬೆಂಗಳೂರಿನ ಕಾರು ಬರ್ತಾನೇ ಇದೆ. ನನ್ನ ಆಫೀಸು ಮಾತ್ರ ಖಾಲಿ. ಎಲ್ಲರೂ ಕೇಳ್ತಾರೆ, ಕಾಫಿಗೆ ಇಷ್ಟು ಒಳ್ಳೆ ರೇಟ್ ಇದೆಯಲ್ಲ, ನಿನಗೇನು ಕಡಿಮೆ ಅಂತ.”

ಕಾಫಿ ರೇಟಿನ ಈ ಮಾತು ಕೊಡಗಿನಲ್ಲಿ ಎಲ್ಲರನ್ನೂ ದಾರಿ ತಪ್ಪಿಸುತ್ತೆ. 2024ರಲ್ಲಿ ರೋಬಸ್ಟಾ ದರ ದಶಕಗಳಲ್ಲೇ ಕಾಣದಷ್ಟು ಏರಿದಾಗ ಪೇಟೆಯಲ್ಲಿ ದುಡ್ಡು ಓಡಾಡಿದ್ದು ನಿಜ. ಆದರೆ ಕೈಯಲ್ಲಿ ಕಾಸಿದ್ದ ಬೆಳೆಗಾರ ಸೈಟು ಮಾರಲಿಲ್ಲ, ಮಾರುವ ಅಗತ್ಯವೇ ಇರಲಿಲ್ಲ. ಪೇಟೆಯಲ್ಲಿ ಕಟ್ಟಡ ಇದ್ದವರು ಬಾಡಿಗೆ ಇಳಿಸಲಿಲ್ಲ, ಖಾಲಿ ಇದ್ದರೆ ಇರಲಿ ಅಂದರು. ಮಾರುವವನೂ ಇಲ್ಲ, ಇಳಿಸುವವನೂ ಇಲ್ಲ ಅಂದರೆ ನಡುವೆ ನಿಂತವನಿಗೆ ಏನು ಕೆಲಸ?

ಇನ್ನೊಂದು ಪೆಟ್ಟು ನಿಧಾನವಾಗಿ ಬಿದ್ದದ್ದು. ಸಣ್ಣ ಪೇಟೆಯ ಕಟ್ಟಡಕ್ಕೆ ಬ್ಯಾಂಕ್ ಬ್ರಾಂಚಿನಂಥ ಒಳ್ಳೆ ಬಾಡಿಗೆದಾರ ಬೇರೆ ಇಲ್ಲ. ತಿಂಗಳ ಮೊದಲ ವಾರ ಬಾಡಿಗೆ ಬರುತ್ತೆ, ಹತ್ತು ಹದಿನೈದು ವರ್ಷ ಕದಲುವುದಿಲ್ಲ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಒಂದೇ ಬೀದಿಯಲ್ಲಿ ಎರಡು ಬ್ರಾಂಚು ಇದ್ದಲ್ಲಿ ಕ್ರಮೇಣ ಒಂದಾಯಿತು. ಹಾಗೆ ಖಾಲಿಯಾದ ಒಂದು ಗ್ರೌಂಡ್ ಫ್ಲೋರ್ ಅಣ್ಣನ ಕೈಯಲ್ಲಿತ್ತು. ಅದರ ಕಥೆ ಮುಂದೆ ಬರುತ್ತೆ.

ಅವರ ಖರ್ಚು ತಿಂಗಳಿಗೆ ಎರಡು ಲಕ್ಷದ ಹತ್ತಿರ. ಸಂಬಳ, ಎರಡು ಆಫೀಸಿನ ಬಾಡಿಗೆ, ಪೆಟ್ರೋಲ್, ಜಾಹೀರಾತು. ಒಂದು ಮಳಿಗೆ ಬಾಡಿಗೆಗೆ ಹೋದರೆ ಅವರಿಗೆ ಸಿಗುವುದು ಒಂದು ತಿಂಗಳ ಬಾಡಿಗೆ. ಅದು ಮೂವತ್ತು ಸಾವಿರ ಅಂದುಕೊಂಡರೂ ಆಫೀಸು ನಡೆಯಲು ತಿಂಗಳಿಗೆ ಏಳು ಮಳಿಗೆ ಹೋಗಬೇಕು. ಐದು ತಿಂಗಳಲ್ಲಿ ಹೋಗಿದ್ದವು ಒಟ್ಟು ನಾಲ್ಕು. ಈ ಲೆಕ್ಕ ಅವರಿಗೆ ತಿಳಿಯದ್ದೇನಲ್ಲ, ಆದರೆ ಒಂದು ಸಲವೂ ಕಾಗದದ ಮೇಲೆ ಬರೆದಿರಲಿಲ್ಲ.

ಮೊದಲ ಭೇಟಿಯ ಕೊನೆಯಲ್ಲಿ ನಾನು ಹೇಳಿದ್ದು ಎರಡೇ. ರಾತ್ರಿ ಮೂರು ಗಂಟೆಗೆ ಬರುವ ಲೆಕ್ಕಾಚಾರಕ್ಕೆ ಸಂಜೆ ಆರೂವರೆಗೆ ಅರ್ಧ ಗಂಟೆ ಜಾಗ ಕೊಡಿ, ಪೆನ್ನು ಹಿಡಿದು ಕುಳಿತು ಚಿಂತೆ ಮಾಡಿ, ರಾತ್ರಿ ಎಚ್ಚರವಾದರೆ ‘ಇದನ್ನು ನಾಳೆ ಸಂಜೆ ನೋಡ್ತೀನಿ’ ಅಂತ ಒಂದು ಸಾಲು ಬರೆದು ಮಲಗಿ. ಎರಡನೆಯದು, ಮುಂದಿನ ವಾರದೊಳಗೆ ನೀವು ಯಾರಿಗೆಲ್ಲ ‘ಆಗುತ್ತೆ’ ಅಂದಿದ್ದೀರೋ ಅವರ ಹೆಸರು, ಏನು ಆಗುತ್ತೆ ಅಂದಿರಿ, ಯಾವತ್ತು ಅಂದಿರಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಸಾಲದ ಪಟ್ಟಿ ಬೇಡವಾ ಎಂದು ಕೇಳಿದರು. ಅದು ಆಮೇಲೆ ಎಂದೆ.

ಯಾಕೆ ಹಾಗೆ ಕೇಳಿದೆ ಅಂದರೆ, ಬ್ರೋಕರ್‌ನ ಕೆಲಸವೇ ಇಬ್ಬರ ನಡುವೆ ನಂಬಿಕೆ ಹಿಡಿದು ನಿಲ್ಲುವುದು. ಮಾಲೀಕರಿಗೆ ಪಾರ್ಟಿ ಸಿಗುತ್ತೆ ಅನ್ನಬೇಕು, ಪಾರ್ಟಿಗೆ ಬಾಡಿಗೆ ಇಳಿಯುತ್ತೆ ಅನ್ನಬೇಕು. ಒಳ್ಳೆ ಕಾಲದಲ್ಲಿ ಹತ್ತರಲ್ಲಿ ಏಳು ನಿಜವಾಗುತ್ತೆ, ಮೂರು ಮರೆತುಹೋಗುತ್ತೆ. ಕೆಟ್ಟ ಕಾಲ ಬಂದಾಗ ಬಾಯಿಗೆ ಅದೇ ಅಭ್ಯಾಸ ಇರುತ್ತೆ, ಆದರೆ ನಿಜವಾಗುವುದು ಒಂದೋ ಎರಡೋ. ಉಳಿದ ಮಾತುಗಳು ಸಾಲದ ಹಾಗೆ ಕುತ್ತಿಗೆ ಮೇಲೆ ಕೂರುತ್ತವೆ, ಬ್ಯಾಂಕ್ ಸಾಲಕ್ಕಾದರೂ ಒಂದು ಕಂತು ಇರುತ್ತೆ, ಇದಕ್ಕೆ ಕಂತೂ ಇಲ್ಲ ಕೊನೆಯೂ ಇಲ್ಲ. ಪ್ರತಿ ಫೋನೂ ಸಾಲ ಕೊಟ್ಟವನೊಬ್ಬ ಬಾಗಿಲು ಬಡಿದ ಹಾಗೆ ಕೇಳಿಸುತ್ತೆ. ಅಣ್ಣನನ್ನು ಮೂರು ಗಂಟೆಗೆ ಎಬ್ಬಿಸುತ್ತಿದ್ದದ್ದು ಇದು ಎಂದು ನನಗೆ ಆ ಆರು ಕರೆಗಳಲ್ಲೇ ಅನ್ನಿಸಿತ್ತು.

ಎರಡನೆಯ ಭೇಟಿಗೆ ನೋಟ್‌ಬುಕ್ ತಂದರು. ಮೂವತ್ತೊಂದು ಮಾತುಗಳಿದ್ದವು. ಇನ್ನೂ ಇರಬಹುದು, ನೆನಪಾದದ್ದು ಇಷ್ಟು ಎಂದರು. ಪ್ರತಿಯೊಂದರ ಮುಂದೆಯೂ ಮೂರರಲ್ಲಿ ಒಂದು ಗುರುತು ಹಾಕಲು ಹೇಳಿದೆ: ತಾರೀಖು ಹೇಳಿ ಮಾಡಬಲ್ಲದ್ದು, ಆದರೂ ಆಗಬಹುದು ಆದರೆ ತಾರೀಖು ಹೇಳಲಾರದ್ದು, ಆಗುವುದೇ ಇಲ್ಲ. ಮೊದಲು ಎಲ್ಲಕ್ಕೂ ಎರಡನೆಯದನ್ನೇ ಹಾಕುತ್ತ ಹೋದರು. ನಾನು ಪೆನ್ನು ಹಿಡಿದು ನಿಲ್ಲಿಸಿದೆ. ‘ನಿಮ್ಮ ತಮ್ಮನೇ ಈ ಮಾತಿನ ಮೇಲೆ ದುಡ್ಡು ಹಾಕ್ತೀನಿ ಅಂದರೆ ಹಾಕು ಅನ್ನುತ್ತೀರಾ?’ ಅಂತ ಕೇಳಿದ ಮೇಲೆ ಗುರುತು ಬದಲಾಗತೊಡಗಿತು. ಹನ್ನೆರಡರ ಮುಂದೆ ‘ಆಗಲ್ಲ’ ಬಿತ್ತು.

ಅದರಲ್ಲಿ ಒಂದರ ಮುಂದೆ ಬರೆಯುವಾಗ ಅವರ ಕಣ್ಣು ತುಂಬಿತು. ಅದು ಯಾವ ದೊಡ್ಡ ಪಾರ್ಟಿಯದೂ ಅಲ್ಲ. ಆಫೀಸಿನಲ್ಲಿ ಲೆಕ್ಕ ನೋಡುವ ಹುಡುಗಿಗೆ ಯುಗಾದಿಗೆ ಸಂಬಳ ಜಾಸ್ತಿ ಮಾಡ್ತೀನಿ ಎಂದಿದ್ದರು. ಆ ಮಾತು ನಂಬಿ ಅವಳು ಸ್ಕೂಟಿ ಕಂತು ಹಾಕಿಸಿಕೊಂಡಿದ್ದಳು. ಹೆಚ್ಚಾಗಬೇಕಿದ್ದ ಸಂಬಳ ಹೆಚ್ಚಾಗಲಿಲ್ಲ, ಕಂತು ಮಾತ್ರ ಹೋಗುತ್ತಿತ್ತು, ಅವಳು ಒಂದು ದಿನವೂ ಕೇಳಲಿಲ್ಲ. “ಕೇಳಿದ್ದರೆ ಬೈದು ಸುಮ್ಮನಾಗಿರುತ್ತಿದ್ದೆನೋ ಏನೋ. ಅವಳು ಕೇಳಲೇ ಇಲ್ಲ ಮೇಡಂ.”

ಪಟ್ಟಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವರು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು. ಹೆದ್ದಾರಿ ಹತ್ತಿರದ ಒಂದು ಜಾಗ. ಹಳೆಯ ಜಮ್ಮಾ ಬಾಣೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು. ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು, ಹಕ್ಕು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಕೊಡಗಿನಲ್ಲಿ ಇದು ಯಾರಿಗೂ ಹೊಸದಲ್ಲ, ಒಬ್ಬರು ಸಹಿ ಹಾಕಿದರೆ ಸಾಲದು, ಕುಟುಂಬದ ಎಲ್ಲರೂ ಒಪ್ಪಬೇಕು. ಪಟ್ಟೇದಾರರು ಎಲ್ಲರ ಸಹಿ ಆಗುತ್ತೆ ಅಂದರು, ಅಣ್ಣ ಮೈಸೂರಿನ ಪಾರ್ಟಿಗೆ ಆಗುತ್ತೆ ಅಂದರು, ಪಾರ್ಟಿ ಎರಡು ಲಕ್ಷ ಟೋಕನ್ ಕೊಟ್ಟಿತು. ಹೊರ ರಾಜ್ಯದಲ್ಲಿರುವ ಒಬ್ಬರು ಸಹಿ ಹಾಕುವುದಿಲ್ಲ ಎಂದು ಕುಳಿತರು. ಅಷ್ಟರಲ್ಲಿ ಆ ಟೋಕನ್ ದುಡ್ಡಿನಲ್ಲಿ ಅರ್ಧ ಆಫೀಸಿನ ಸಂಬಳಕ್ಕೆ ಹೋಗಿತ್ತು.

ಆಪ್ತಸಲಹೆಯಲ್ಲಿ ನಾವು ಹೆಚ್ಚಾಗಿ ಹೀಗೆ ಮಾಡಿ ಹಾಗೆ ಮಾಡಿ ಅನ್ನುವುದಿಲ್ಲ, ಅವರೇ ದಾರಿ ಕಾಣಲಿ ಅಂತ ಕಾಯುತ್ತೇವೆ. ಇಲ್ಲಿ ನಾನು ಕಾಯಲಿಲ್ಲ. ‘ಇದು ನಿಮ್ಮ ದುಡ್ಡಲ್ಲ. ಪಟ್ಟಿಯಲ್ಲಿ ಇದೇ ಮೊದಲು’ ಎಂದೆ. ಅವರಿಗೂ ಗೊತ್ತಿತ್ತು, ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದ ಹಾಗಿತ್ತು. ಉಳಿದ ಒಂದು ಲಕ್ಷ ಅದೇ ವಾರ ವಾಪಸ್ ಹೋಯಿತು. ಆಫೀಸಿನ ಎರಡನೆಯ ಕಾರು ಮಾರಿ ಇನ್ನೊಂದು ಲಕ್ಷವನ್ನು ಮುಂದಿನ ತಿಂಗಳು ಕೊಟ್ಟರು, ನಡುವೆ ಎಷ್ಟು ಬಾಕಿ, ಯಾವತ್ತು ಕೊಡುತ್ತೇನೆ ಎಂದು ಬರೆದು ಸಹಿ ಹಾಕಿದ ಪತ್ರ. ಮೈಸೂರಿನವರು ಬೈದರು. ಬೈಯಲೇಬೇಕಿತ್ತು. ಆದರೆ ಆ ರಾತ್ರಿ ಅಣ್ಣ ಬೆಳಗಿನ ಐದರವರೆಗೆ ಮಲಗಿದರು.

ಉಳಿದ ಹನ್ನೊಂದು ‘ಆಗಲ್ಲ’ಗಳನ್ನು ಹೇಳುವುದು ಹೇಗೆ ಅಂತ ನಾವು ಕುಳಿತು ಅಭ್ಯಾಸ ಮಾಡಿದೆವು. ನಾನು ಕಟ್ಟಡದ ಮಾಲೀಕರಾಗಿ ಕೂರುವುದು, ಅವರು ಮಾತಾಡುವುದು. ಮೂರು ನಿಮಿಷದೊಳಗೆ ಅವರ ಬಾಯಿಂದ ‘ಆದರೂ ಒಂದು ಬ್ಯಾಂಕ್‌ನವರು ಕೇಳ್ತಾ ಇದ್ದಾರೆ ಅಂಕಲ್’ ಅಂತ ಬಂದೇಬಿಡುತ್ತಿತ್ತು. ನಾಲ್ಕು ಸಲ ಹಾಗಾಯಿತು. ಎದುರಿನವರ ಮುಖ ಸಪ್ಪಗಾಗುವುದನ್ನು ನೋಡಲು ಆಗದೆ ಒಂದು ಸುಳ್ಳು ಭರವಸೆ ಕೊಡುವುದು, ಇದು ಕೆಟ್ಟತನದಿಂದ ಬರುವುದಲ್ಲ, ಒಳ್ಳೆಯವರಿಗೇ ಜಾಸ್ತಿ ಬರುತ್ತೆ. ಅದಕ್ಕೇ ಬಿಡಿಸುವುದು ಕಷ್ಟ. ಕೊನೆಗೆ ಮಾತನ್ನು ಹೀಗೆ ಗಟ್ಟಿ ಮಾಡಿಕೊಂಡೆವು: ಈಗ ಏನಾಗಿದೆ, ಏನು ಆಗಲ್ಲ, ನಾನು ಏನು ಮಾಡಬಲ್ಲೆ, ಮತ್ತೆ ಯಾವತ್ತು ಫೋನ್ ಮಾಡುತ್ತೇನೆ. ಅದಾದ ಮೇಲೆ ಬಾಯಿ ಮುಚ್ಚಿ ಅವರ ಮಾತು ಕೇಳುವುದು. ಬೈದರೂ ಕೇಳುವುದು.

ಬ್ಯಾಂಕ್ ಖಾಲಿ ಮಾಡಿದ ಆ ಗ್ರೌಂಡ್ ಫ್ಲೋರಿನ ಮಾಲೀಕರು ವಯಸ್ಸಾದವರು. ಬ್ಯಾಂಕ್ ಕೊಡುತ್ತಿದ್ದದ್ದು 55 ಸಾವಿರ. ಹೆಂಡತಿಯ ಔಷಧಿ, ಆಸ್ಪತ್ರೆ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಒಂದೂವರೆ ವರ್ಷದಿಂದ ಅಣ್ಣ ಅವರಿಗೆ ಇನ್ನೊಂದು ಬ್ಯಾಂಕ್ ಬರುತ್ತೆ ಅನ್ನುತ್ತಿದ್ದರು. ಮಧ್ಯೆ ಬಟ್ಟೆ ಅಂಗಡಿಯವರು 34 ಸಾವಿರಕ್ಕೆ ಕೇಳಿದಾಗ ಆ ನಂಬಿಕೆಯ ಮೇಲೆಯೇ ಬೇಡ ಅಂದಿದ್ದರು. ಅಣ್ಣ ಅವರ ಮನೆಗೆ ಹೋಗಿ ಕುಳಿತು ಹೇಳಿದರು. “ಬ್ಯಾಂಕ್ ಬರಲ್ಲ ಅಂಕಲ್. ನಾನು ಇಷ್ಟು ದಿನ ಹೇಳಿದ್ದು ತಪ್ಪು.” ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಇದನ್ನ ನೀನು ಹೋದ ವರ್ಷ ಹೇಳಬಾರದಿತ್ತಾ ಮಗಾ” ಎಂದರು. ಅಷ್ಟೇ. ಅಣ್ಣ ಅದಕ್ಕೆ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ, ಹೌದು ಅಂಕಲ್ ಎಂದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಕಷ್ಟದ ಮಾತು ಆ ‘ಹೌದು’. ಈಗ ಅದನ್ನು ಮೂರು ಮಳಿಗೆ ಮಾಡುವ ಯೋಚನೆ ನಡೆದಿದೆ, ಬ್ಯಾಂಕಿನ ಲಾಕರ್ ರೂಮಿನ ದಪ್ಪ ಕಾಂಕ್ರೀಟ್ ಗೋಡೆ ಒಡೆಸುವುದೇ ದೊಡ್ಡ ಖರ್ಚು.

ಹೋಟೆಲ್ ಪಾರ್ಟಿಯದು ಬೇರೆ ಥರ. 60 ಸಾವಿರ ಬಾಡಿಗೆಯ ಜಾಗ, ಮಾತುಕತೆ ಮುಗಿದಿತ್ತು. 2024ರ ಅಕ್ಟೋಬರ್ 10ರಿಂದ ಒಂದು ನಿಯಮ ಬಂದಿದೆ: ಮಾಲೀಕರಿಗೆ ಜಿ.ಎಸ್.ಟಿ. ನೋಂದಣಿ ಇಲ್ಲದೆ ಬಾಡಿಗೆದಾರನಿಗೆ ಇದ್ದರೆ, ಕಮರ್ಷಿಯಲ್ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಬೇರೆ ವ್ಯಾಪಾರದವರು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಶೇ. 5ರ ದರದಲ್ಲಿ ಬಿಲ್ ಮಾಡುವ ಹೋಟೆಲ್‌ಗೆ ಆ ಅವಕಾಶ ಇಲ್ಲ. ಕಾಂಪೋಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿ.ಎಸ್.ಟಿ. ಯೋಜನೆಯಲ್ಲಿ, ಇರುವವರಿಗೆ ಆಮೇಲೆ ವಿನಾಯಿತಿ ಸಿಕ್ಕಿತು, ಈ ಹೋಟೆಲಿನವರು ಅದರಲ್ಲಿ ಇರಲಿಲ್ಲ. ಅಂದರೆ ತಿಂಗಳಿಗೆ 10,800 ರೂಪಾಯಿ ನೇರ ಕೈಯಿಂದ. ಅಣ್ಣ ಇಬ್ಬರಿಗೂ ‘ಏನಾದರೂ ದಾರಿ ಆಗುತ್ತೆ’ ಎಂದು ಮೂರು ತಿಂಗಳು ಎಳೆದಿದ್ದರು. ಈ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಬರೆದು ತೋರಿಸಿದರು. ಮಾಲೀಕರು ಆರು ಸಾವಿರ ಇಳಿಸಿದರು, ಹೋಟೆಲಿನವರು ಉಳಿದದ್ದು ಹೊತ್ತರು, ಹನ್ನೊಂದು ತಿಂಗಳ ಅಗ್ರಿಮೆಂಟ್ ಬದಲು ಐದು ವರ್ಷಕ್ಕೆ ರಿಜಿಸ್ಟರ್ ಮಾಡಿಸಿಕೊಟ್ಟರೆ ಎಂಬ ಷರತ್ತಿನ ಮೇಲೆ. ಅಡುಗೆಮನೆಗೆ ಲಕ್ಷಗಟ್ಟಲೆ ಸುರಿಯುವವನಿಗೆ ಹನ್ನೊಂದು ತಿಂಗಳು ಯಾವ ಭದ್ರತೆ, ಅಲ್ವಾ? ‘ಆಗಲ್ಲ’ ಎಂದು ಗುರುತು ಹಾಕಿದ್ದ ಹನ್ನೆರಡರಲ್ಲಿ ಹೀಗೆ ಒಂದು ಆಯಿತು. ಎಲ್ಲವೂ ಹೀಗೆ ಆಗುತ್ತವೆ ಅಂತ ಯಾರೂ ಓದಿಕೊಳ್ಳಬೇಡಿ, ಉಳಿದವು ಆಗಲಿಲ್ಲ.

ಮನೆಯ ವಿಷಯದಲ್ಲಿ ನನ್ನದೊಂದು ತಪ್ಪಾಯಿತು. ಹೆಂಡತಿಗೆ ತಾಯಿಯಿಂದ ಬಂದ ಒಡವೆಯನ್ನು ಅವರಿಗೆ ಹೇಳದೆ ಅಡವಿಟ್ಟು ಎರಡು ತಿಂಗಳ ಸಂಬಳ ಕೊಟ್ಟಿದ್ದರು. ಈ ವಾರವೇ ಮನೆಯಲ್ಲಿ ಹೇಳಿ ಎಂದೆ. ಯಾವಾಗ, ಹೇಗೆ, ಯಾರು ಇಲ್ಲದಾಗ ಅಂತ ಕೇಳಲಿಲ್ಲ, ಕೇಳಬೇಕಿತ್ತು. ಅವರು ಭಾನುವಾರ ನೆಂಟರು ಊಟಕ್ಕೆ ಬಂದಿದ್ದಾಗ, ಎರಡು ಪೆಗ್ ಆದ ಮೇಲೆ ಹೇಳಿಬಿಟ್ಟರು. ಮೂರನೆಯ ಭೇಟಿಗೆ ಹೆಂಡತಿಯೂ ಜೊತೆಗೆ ಬಂದರು. ನಾನು ಅವರ ಕ್ಷಮೆ ಕೇಳಿದೆ. ಅವರು ಹೇಳಿದ್ದು ಇಷ್ಟು: “ದುಡ್ಡು ಹೋಗಿದ್ದಕ್ಕಲ್ಲ ಮೇಡಂ. ಮೇ ತಿಂಗಳಲ್ಲಿ ಮದುವೆಗೆ ಹಾಕಿಕೊಳ್ಳೋಕೆ ಸರ ಕೇಳಿದೆ. ಲಾಕರ್‌ನಲ್ಲಿದೆ, ಆಗುತ್ತೆ, ತಂದುಕೊಡ್ತೀನಿ ಅಂದರು. ನಾನು ಕೊನೇ ದಿನದವರೆಗೂ ಕಾದೆ.”

ಅಣ್ಣ ತಲೆ ಎತ್ತಲಿಲ್ಲ. ಆ ಮಾತು ಪಟ್ಟಿಯಲ್ಲಿ ಇರಲಿಲ್ಲ. ಅಲ್ಲೇ ನೋಟ್‌ಬುಕ್ ತೆಗೆದು ಮೂವತ್ತೆರಡು ಎಂದು ಬರೆದರು. ಬಡ್ಡಿ ಕಟ್ಟುವ ದಿನವನ್ನು ಈಗ ಅವರ ಹೆಂಡತಿ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾರೆ, ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಕುಡಿಯುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದ್ದಾರೆ. ಇದು ನಾನು ಹೇಳಿ ಆದದ್ದಲ್ಲ, ಡಾಕ್ಟರು ಬಿ.ಪಿ. ಅಂಕಿ ತೋರಿಸಿದ ಮೇಲೆ ಆದದ್ದು.

ಆಫೀಸಿನವರಿಗೆ ಹೇಳುವುದನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಅವರ ಭಯ ಹೀಗಿತ್ತು: ನಾನು ಕುಸಿದದ್ದು ಕಂಡರೆ ಹುಡುಗರು ಎದುರು ಆಫೀಸಿಗೆ ಹೋಗುತ್ತಾರೆ, ಪಾರ್ಟಿಗಳ ನಂಬರನ್ನೂ ಒಯ್ಯುತ್ತಾರೆ. ಮುಂದಾಳು ಅಂದಮೇಲೆ ಧೈರ್ಯ ತೋರಿಸಬೇಕಲ್ಲ ಎಂದರು. ನಾನು ಕೇಳಿದೆ, ನೀವು ಹೇಳದೆ ಇರುವುದರಿಂದ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ?

ಒಂದು ಸೋಮವಾರ ಬೆಳಿಗ್ಗೆ ಶಟರ್ ಅರ್ಧ ಎಳೆದು ಆರೂ ಜನರನ್ನು ಕೂರಿಸಿಕೊಂಡರು. ವಾಟ್ಸಾಪ್‌ನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೆ ಗುಟ್ಟಾಗಿ ಹೇಳಬೇಡಿ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳಲಿ ಎಂದು ನಾನು ಹೇಳಿದ್ದೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದರು: ಬ್ಯಾಂಕಿನಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಬೇಕು, ಹೀಗೇ ಹೋದರೆ ಎರಡು ತಿಂಗಳ ಸಂಬಳಕ್ಕೆ ಮಾತ್ರ ದುಡ್ಡಿದೆ. ಓದಿ ಮುಗಿಸಿದಾಗ ಹಳೆಯ ಹುಡುಗನೊಬ್ಬ, “ನಮಗೆ ಗೊತ್ತಿತ್ತು ಅಣ್ಣ” ಎಂದನಂತೆ. ಟೀ ಅಂಗಡಿಯವನು ಆಫೀಸಿನ ಲೆಕ್ಕಕ್ಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಹುಡುಗರೇ ಸರದಿ ಮೇಲೆ ಅಣ್ಣನ ಟೀಗೂ ದುಡ್ಡು ಕೊಡುತ್ತಿದ್ದರು. ಇದನ್ನು ನನಗೆ ಹೇಳುವಾಗ ಅಣ್ಣ ತುಂಬಾ ಹೊತ್ತು ಕಿಟಕಿ ಕಡೆ ನೋಡುತ್ತಿದ್ದರು.

ಸಂಬಳದ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ, ಅದನ್ನು ಅವರಿಗೂ ಹೇಳಿದೆ. ಕಡಿತ ಮಾಡಲೇಬೇಕಾದರೆ ಮೇಲಿಂದ ಶುರುವಾಗಲಿ, ಅತಿ ಕಡಿಮೆ ಸಂಬಳದವರನ್ನು ಮುಟ್ಟಬೇಡಿ, ಯಾವ ತಿಂಗಳವರೆಗೆ ಎಂದು ಬರೆದುಕೊಡಿ. ಅಣ್ಣ ತಾವು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ ಎಂದರು, ಹಿರಿಯ ಇಬ್ಬರ ಸಂಬಳ ಐದರಲ್ಲಿ ಒಂದು ಪಾಲು ಜನವರಿವರೆಗೆ ಕಡಿಮೆಯಾಯಿತು, ಬದಲಿಗೆ ಅವರು ಕುದುರಿಸಿದ ವ್ಯವಹಾರದ ಕಮಿಷನ್‌ನಲ್ಲಿ ಪಾಲು ಜಾಸ್ತಿ. ಬ್ರಾಂಚು ಮುಚ್ಚಿದರು. ಅಲ್ಲಿ ಕೂರುತ್ತಿದ್ದ ಹುಡುಗ ಬಿಟ್ಟು ಹೋದ, ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಅದನ್ನು ದ್ರೋಹ ಅಂತ ತಿಳಿಯಬೇಡಿ ಎಂದು ಮೊದಲೇ ಹೇಳಿದ್ದೆ, ಆದರೂ ಎರಡು ದಿನ ಅವರಿಗೆ ಹೊಟ್ಟೆಯಲ್ಲಿ ಸಂಕಟ ಇತ್ತು. ಲೆಕ್ಕದ ಹುಡುಗಿಯನ್ನು ಬೇರೆಯಾಗಿ ಕೂರಿಸಿ, ಸಂಬಳ ಜಾಸ್ತಿ ಮಾಡಲು ಈ ವರ್ಷ ಆಗಲ್ಲ, ನಿನ್ನ ಸ್ಕೂಟಿ ಕಂತು ನನ್ನ ಮಾತಿನಿಂದ ಬಂದದ್ದು, ಅದನ್ನು ಮಾರ್ಚ್‌ವರೆಗೆ ನಾನು ಕಟ್ಟುತ್ತೇನೆ ಎಂದರು. ಇದು ನನ್ನ ಸಲಹೆಯಲ್ಲ. ನಾನಾಗಿದ್ದರೆ ಕೈಯಲ್ಲಿ ದುಡ್ಡಿಲ್ಲದಾಗ ಹೊಸ ಮಾತು ಕೊಡಬೇಡಿ ಅನ್ನುತ್ತಿದ್ದೆ. ಆದರೆ ಅವರು ತಮ್ಮ ಪೆಟ್ರೋಲ್ ಖರ್ಚು ಇಳಿಸಿ ಅದನ್ನು ಪ್ರತಿ ತಿಂಗಳು 5ರಂದು ಕಟ್ಟುತ್ತಿದ್ದಾರೆ.

ಆ ಸಭೆಯಲ್ಲೇ ಹೊಸ ಕೆಲಸದ ದಾರಿಯೂ ಹೊಳೆಯಿತು, ಅದೂ ಹುಡುಗರ ಬಾಯಿಂದ. ಹೊಸ ಬಾಡಿಗೆದಾರರನ್ನು ಹುಡುಕುವುದಕ್ಕಿಂತ ಇರುವವರು ಬಿಟ್ಟುಹೋಗದ ಹಾಗೆ ನೋಡಿಕೊಂಡರೆ? ಹತ್ತು ವರ್ಷದಲ್ಲಿ ಇವರು ಕೊಡಿಸಿದ ಅಂಗಡಿಗಳ ಫೈಲು ಆಫೀಸಿನಲ್ಲೇ ಇತ್ತು. ಯಾರ ಅಗ್ರಿಮೆಂಟ್ ಯಾವಾಗ ಮುಗಿಯುತ್ತೆ ಎಂದು ತೆಗೆದು ನೋಡಿದರು. ಮುಗಿಯುವ ಎರಡು ತಿಂಗಳ ಮೊದಲೇ ಎರಡೂ ಕಡೆಯವರ ಹತ್ತಿರ ಹೋಗಿ, ಬಾಡಿಗೆ ಎಷ್ಟು ಹೊಂದಿಸಬಹುದು ಎಂದು ಮಾತಾಡಿಸಿ, ಅಗ್ರಿಮೆಂಟ್ ಮುಂದುವರಿಸಿಕೊಟ್ಟು ಸಣ್ಣ ಫೀಸು ತೆಗೆದುಕೊಳ್ಳುವುದು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಾಲೀಕರಿಗೆ ಬಾಡಿಗೆ ವಸೂಲಿ, ಸೋರುವ ಮಾಡಿನ ರಿಪೇರಿ, ಕಂದಾಯ ಕಟ್ಟುವುದು, ಇಂಥ ಕೆಲಸ ತಿಂಗಳ ಲೆಕ್ಕದಲ್ಲಿ ಮಾಡಿಕೊಡುವುದು. ಒಂದೊಂದರಲ್ಲೂ ದುಡ್ಡು ಕಡಿಮೆ, ಆದರೆ ಇಂಥ ದಿನ ಬರುತ್ತೆ ಎಂದು ಗೊತ್ತಿರುವ ದುಡ್ಡು. ಮೊದಲೂ ಇದು ಮಾಡಬಹುದಿತ್ತು, ಮೂರು ತಿಂಗಳು ನಿದ್ದೆಗೆಟ್ಟ ತಲೆಗೆ ಹೊಳೆಯಲಿಲ್ಲ ಅಷ್ಟೇ.

ಇದೇ ಸ್ಥಿತಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ನೋಟ್‌ಬುಕ್ ತೆಗೆದುಕೊಳ್ಳಿ ಅನ್ನುತ್ತೇನೆ. ಯಾರದೋ ದುಡ್ಡು ನಿಮ್ಮ ಕೈಯಲ್ಲಿ ಇದ್ದರೆ ಅದನ್ನು ಮೊದಲು ಮುಗಿಸಿ. ಆಮೇಲೆ ಮನೆಯವರು. ಅವರಿಗೆ ಹೇಳುವಾಗ ಕುಡಿದಿರಬೇಡಿ, ಮೂರನೆಯವರು ಇರುವುದು ಬೇಡ. ದಿನಕ್ಕೆ ಒಂದಕ್ಕಿಂತ ಜಾಸ್ತಿ ‘ಆಗಲ್ಲ’ ಹೇಳಲು ಹೋಗಬೇಡಿ, ಮೈಯಲ್ಲಿ ಶಕ್ತಿ ಉಳಿಯುವುದಿಲ್ಲ. ಅಣ್ಣ ಒಂದೇ ದಿನ ಮೂರು ಹೇಳಿ ಮಾರನೆಯ ದಿನ ಹಾಸಿಗೆಯಿಂದ ಏಳಲಿಲ್ಲ. ಫೋನ್ ತೆಗೆಯುವ ಹೊತ್ತನ್ನು ಕಟ್ಟಿಹಾಕಿ. ಅವರು ಈಗ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಾತ್ರ ತೆಗೆಯುತ್ತಾರೆ, ಮೊದಲ ವಾರ ಕೈ ತುರಿಸುತ್ತಿತ್ತು ಎಂದರು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ ಪಟ್ಟಿ ಗಿಟ್ಟಿ ಏನೂ ಬೇಡ, ಮೊದಲು ಡಾಕ್ಟರು, ಇಲ್ಲವೇ 14416.

ಕಾವೇರಿ ಸಂಕ್ರಮಣ ಕಳೆದ ಮೇಲೆ ಅಣ್ಣ ಏಳನೆಯ ಸಲ ಬಂದರು. ಪಟ್ಟಿಯಲ್ಲಿ ಒಂಬತ್ತು ಮಾತು ಇನ್ನೂ ಬಾಕಿ ಇತ್ತು. ಆಫೀಸು ನಷ್ಟದಲ್ಲೇ ಇದೆ, ಮೊದಲಿನಷ್ಟಲ್ಲ. ಒಡವೆ ಬ್ಯಾಂಕಿನಲ್ಲೇ ಇದೆ. ರಾತ್ರಿ ಐದಾರು ಗಂಟೆ ಮಲಗುತ್ತಾರೆ. ಬ್ಯಾಂಕ್ ಕಟ್ಟಡದ ಅಂಕಲ್ ಭಾನುವಾರ ಫೋನ್ ಮಾಡುತ್ತಾರಂತೆ, ಬಾಡಿಗೆ ವಿಷಯಕ್ಕಲ್ಲ, ಹೆಂಡತಿಯನ್ನು ಮೈಸೂರಿಗೆ ತೋರಿಸಲು ಹೋಗಬೇಕು, ನಂಬಿಕೆಯ ಡ್ರೈವರ್ ಯಾರಿದ್ದಾರೆ ಅಂತ ಕೇಳಲು. ಭಾನುವಾರ ಫೋನ್ ತೆಗೆಯಲ್ಲ ಅಂದಿದ್ದಿರಲ್ಲ ಎಂದೆ. “ಅದೊಂದು ತೆಗೀತೀನಿ ಮೇಡಂ” ಎಂದರು.

ಮುಂದಿನ ಭೇಟಿ ಹುತ್ತರಿ ಮುಗಿದ ಮೇಲೆ.